ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡ ಇಲಿ

ಅಲ್ ಖುವೈರ್, ಮಸ್ಕತ್
ಮಂಗಳವಾರ, 16 ಡಿಸೆಂಬರ್ 2025

ಮಗ ವಿಕಾಸನಿಗೆ ಅಮ್ಮನ ಆಶೀರ್ವಾದ.

ನಾವು ಮೂವರೂ ಇಲ್ಲಿ ಆರೋಗ್ಯವಾಗಿದ್ದೇವೆ. ಚಳಿ ಶುರುವಾದ ಮೇಲೆ ನನ್ನ ಮೊಣಕಾಲು ಸ್ವಲ್ಪ ಹಟ ಮಾಡುತ್ತಿದೆ, ನಾನೂ ಅದರ ಹಟಕ್ಕೆ ಬಿಟ್ಟಿಲ್ಲ. ಗುರುವಾರ ನಡೆದದ್ದನ್ನು ಶುಕ್ರವಾರವೇ ಬರೆಯಬೇಕಿತ್ತು. ಸಿಟ್ಟಿನಲ್ಲಿ ಬರೆದರೆ ಅಕ್ಷರ ಕೆಡುತ್ತದೆ ಎಂದು ತಡ ಮಾಡಿದೆ. ಅಷ್ಟರ ಮಟ್ಟಿಗೆ ತಪ್ಪು ನನ್ನದು.

ಮೊಬೈಲ್ ಇರುವಾಗ ಕಾಗದ ಯಾಕೆ ಎಂದು ಕೇಳಬೇಡ. ನಾನು ಕಳಿಸಿದ ಮೆಸೇಜಿಗೆ ಎರಡು ನೀಲಿ ಗೆರೆ ಬಿಟ್ಟರೆ ನಿನ್ನಿಂದ ಬೇರೆ ಉತ್ತರ ಬರುವುದಿಲ್ಲ. ಎದುರು ಫ್ಲ್ಯಾಟಿನ ಮಹ್ರೂಫ್ ನಾಳೆ ಅಂಗಡಿ ಸಾಮಾನು ಹಾಕಿಕೊಂಡು ನೀನಿರುವ ಸೂರ್‌ಗೆ ಬರುತ್ತಾನೆ. ಈ ಕಾಗದ, ಪೊಟ್ಟಣ ಎರಡನ್ನೂ ನಿನ್ನ ಕೆಲಸದ ಕ್ಯಾಂಪಿನ ಗೇಟಿನಲ್ಲಿ ಬಿಟ್ಟು ಬರಬೇಡ, ಅವನ ಕೈಗೇ ಕೊಡು ಎಂದಿದ್ದೇನೆ. "ವಿನೋದಕ್ಕ, ನೀವು ಹೇಳಿದ ಮೇಲೆ ಇವರು ಗೇಟಿನಲ್ಲೇ ಚಾಪೆ ಹಾಸಿಯಾದ್ರೂ ಕೊಟ್ಟೇ ಬರ್ತಾರೆ," ಎಂದು ಅವನ ಹೆಂಡತಿ ಲೈಲಾ ನಕ್ಕಳು. ಪೊಟ್ಟಣದಲ್ಲಿ ನೀರುಳ್ಳಿ ಬಜೆ ಇಲ್ಲ, ಅದು ದಾರಿಯಲ್ಲೇ ಮೆತ್ತಗಾಗುತ್ತದೆ. ಚಕ್ಕುಲಿ ಇದೆ.

ಈಗ ಒಪೆರಾ ಹೌಸಿನ ವಿಷಯ. ನಾನು ಕಂಡದ್ದನ್ನೆಲ್ಲ ಕ್ರಮವಾಗಿ ಬರೆಯುತ್ತೇನೆ. ಒಂದು ಸಾಲನ್ನೂ ಬಿಡದೆ ಓದು. ಯಾಕೆ ಎಂದು ಕೊನೆಗೆ ಹೇಳುತ್ತೇನೆ.

ಯುರೋಪಿನ ತಂಡದ ಕ್ರಿಸ್ಮಸ್ ಬ್ಯಾಲೆಗೆ ಇಲ್ಲಿನ ಮಕ್ಕಳನ್ನೂ ಸೇರಿಸಿಕೊಂಡದ್ದು, ಅದರಲ್ಲಿ ನಮ್ಮ ತೃಷಾ ಆಯ್ಕೆಯಾದದ್ದು ನಿನಗೆ ಗೊತ್ತು. ಸುದ್ದಿ ತಿಳಿದ ದಿನವೇ ನಾನು ತುಳು ಕೂಟದ ಹೆಂಗಸರಿಗೆಲ್ಲ ಹೇಳಿಬಿಟ್ಟಿದ್ದೆ. ಯಾವ ಪಾರ್ಟು ಎಂದು ಲೈಲಾ ಕೇಳಿದಾಗ, "ಮುಖ್ಯ ಪಾರ್ಟೇ ಇರ್ಬೇಕು, ಐದನೇ ಕ್ಲಾಸಿಗೇ ಅಷ್ಟು ಎತ್ತರ ಉಂಟಲ್ಲ," ಎಂದಿದ್ದೆ. ಆಮೇಲೆ ತೃಷಾ ಅಭ್ಯಾಸ ಮುಗಿಸಿ ಬಂದು, "ಅಜ್ಜಿ, ಐ ಆ್ಯಮ್ ಎ ಮೌಸ್!" ಎಂದು ಕುಣಿದಳು. ಲೈಲಾ ಅಲ್ಲೇ ಇದ್ದಳು.

"ಇಲಿಯಾ?"

"ಇಲಿ ಆದ್ರೆ ಎಂತ? ಯುದ್ಧ ಮಾಡುವ ಇಲಿ," ಎಂದೆ.

"ಅಲ್ಲಕ್ಕಾ, ಹಾಗಾದ್ರೆ ಮುಖ?"

ಮುಖ ಮುಖವಾಡದೊಳಗೆ. ಅದನ್ನು ನಾನು ಕೂಟದವರಿಗೆ ಹೇಳಲಿಲ್ಲ. ಆದರೆ ನಿನ್ನ ಅಪ್ಪನನ್ನು ನೆನೆದು ಸಮಾಧಾನ ಮಾಡಿಕೊಂಡೆ. ಯಕ್ಷಗಾನದಲ್ಲಿ ಅವರೇನು ಮೊದಲ ದಿನವೇ ದೊಡ್ಡ ಕಿರೀಟ ಕಟ್ಟಿದರೇ? ಕೋಡಂಗಿ ಕುಣಿದು, ಬಾಲಗೋಪಾಲನಾಗಿ, ಅಲ್ಲಿಂದ ಮೇಲೆ ಬಂದವರು. ಇಲ್ಲಿ ಆಫೀಸಿನಲ್ಲಿ ಇಡೀ ದಿನ ದುಡಿದು ಬಂದರೂ ವರ್ಷಕ್ಕೊಮ್ಮೆ ನಡೆಯುವ ಆಟಕ್ಕೆ ಗೆಜ್ಜೆ ಕಟ್ಟದೆ ಬಿಟ್ಟವರಲ್ಲ ನಿನ್ನ ಅಪ್ಪ ಭೋಜರಾಜ. ಅವರ ಮೊಮ್ಮಗಳು ಇಲಿಯಾಗಿ ಶುರು ಮಾಡಿದರೆ ಕ್ರಮ ಸರಿಯಾಗಿಯೇ ಇದೆ.

ಗುರುವಾರ ಸಂಜೆ ನಾನು ಹಸಿರು ರೇಷ್ಮೆ ಸೀರೆ ಉಟ್ಟೆ. ಮಹ್ರೂಫ್ ಎಲ್ಲಿಂದಲೋ ಒಂದು ಚೆಂಡು ಉಡುಪಿ ಮಲ್ಲಿಗೆ ತರಿಸಿದ್ದ. ಆ ಬಿಳಿ ಕಲ್ಲಿನ ಕಟ್ಟಡವನ್ನು ಕಾರಿನಲ್ಲಿ ಹೋಗುತ್ತ ಎಷ್ಟು ಸಲ ನೋಡಿಲ್ಲ ನಾವು? ಒಳಗೆ ಹೋದಾಗಲೇ ಗೊತ್ತಾಯಿತು, ಹೊರಗಿನದು ಏನೂ ಅಲ್ಲ. ಮರದ ಕೆತ್ತನೆಯ ಚಾವಣಿಯನ್ನು ನೋಡುತ್ತ ನಿಂತವಳು ಹಿಂದಿನವರು ಕೆಮ್ಮಿದ ಮೇಲೆಯೇ ಮುಂದೆ ನಡೆದದ್ದು. ಒಮಾನಿ ಹೆಂಗಸರ ಅಬಾಯದ ಅಂಚಿನ ಕಸೂತಿ, ಊದಿನ ಪರಿಮಳ, ಕೋಟು ಹಾಕಿ ದೊಡ್ಡವರಂತೆ ನಡೆಯುವ ಪುಟ್ಟ ಹುಡುಗರು. ಇಷ್ಟು ಜನ ಸೇರಿದ್ದರೂ ಗಲಾಟೆ ಇಲ್ಲ. ನನಗೆ ಅದು ಬಹಳ ಹಿಡಿಸಿತು.

ನಿನ್ನ ಕುರ್ಚಿ ನನ್ನ ಮತ್ತು ನಿನ್ನ ಹೆಂಡತಿಯ ನಡುವೆ. ಆ ಟಿಕೆಟನ್ನು ಸುಪ್ರೀತಾಳೇ ತೆಗೆದದ್ದು, ನಾನು ಹೇಳಿ ಅಲ್ಲ. ಏಪ್ರಿಲ್ ತಿಂಗಳ ಬಿಸು ಹಬ್ಬದ ಮರುದಿನ, "ಕೆಲಸ ಬಿಟ್ಟು ಮಗಳನ್ನು ಕರ್ಕೊಂಡು ಊರಿಗೆ ಹೋಗು," ಎಂದು ನೀನು ಕೂಗಾಡಿ, ಅವಳು ಒಪ್ಪಲಿಲ್ಲವೆಂದು ಪೆಟ್ಟಿಗೆ ಎತ್ತಿಕೊಂಡು ಸೂರ್‌ಗೆ ಹೋದೆಯಲ್ಲ, ಆಮೇಲೂ ಅವಳು ನಿನ್ನ ಬಗ್ಗೆ ನನ್ನ ಹತ್ತಿರ ಒಂದು ಹಗುರ ಮಾತಾಡಿದವಳಲ್ಲ. ಡ್ಯೂಟಿ ಬದಲಾಯಿಸಿಕೊಂಡು ಬರುತ್ತೇನೆ ಎಂದು ನೀನು ಮಗಳಿಗೆ ಹೇಳಿದ್ದೆ. ಸುಪ್ರೀತಾ ಬಾಗಿಲನ್ನೇ ನೋಡುತ್ತಿದ್ದಳು. ನೋಡುತ್ತಿಲ್ಲ ಎಂದು ತೋರಿಸಿಕೊಳ್ಳಲು ಆಗಾಗ ತನ್ನ ಬಳೆ ನೋಡಿಕೊಳ್ಳುತ್ತಿದ್ದಳು. ಒಬ್ಬ ಸೂಟಿನವನು ಬಂದು ಆ ಕುರ್ಚಿ ಖಾಲಿಯೋ ಎಂದು ಇಂಗ್ಲಿಷಿನಲ್ಲಿ ಕೇಳಿದ.

"ನೋ," ಎಂದೆ. "ಮೈ ಸನ್."

ಅವನು ಖಾಲಿ ಕುರ್ಚಿಯನ್ನು ನೋಡಿದ, ನನ್ನನ್ನು ನೋಡಿದ, ಹೋದ. ನಾನು ಶಾಲು ತೆಗೆದು ಅದರ ಮೇಲೆ ಹಾಸಿದೆ.

"ಮಾಮಿ, ಬಾಗಿಲು ಹಾಕಿದ್ರು," ಎಂದಳು ಸುಪ್ರೀತಾ.

"ಹಾಕ್ಲಿ. ಆಟ ನೋಡು," ಎಂದೆ.

ವಿಕಾಸ, ಆಟವೆಂದರೆ ಅದು ಆಟ. ವಾದ್ಯದವರೆಲ್ಲ ರಂಗದ ಮುಂದಿನ ಹೊಂಡದಲ್ಲಿ, ತಲೆ ಮಾತ್ರ ಕಾಣುತ್ತದೆ. ನಮ್ಮಲ್ಲಿ ಭಾಗವತರು ರಂಗದ ಮೇಲೆ ಎಲ್ಲರಿಗೂ ಕಾಣುವಂತೆ ಕೂರುತ್ತಾರೆ. ಇಲ್ಲಿ ಕುಣಿಸುವವರು ಕೆಳಗೆ, ಕುಣಿಯುವವರು ಮೇಲೆ. ಪದವಿಲ್ಲ, ಅರ್ಥ ಹೇಳುವುದೂ ಇಲ್ಲ, ಆದರೂ ಕತೆ ನನಗೆ ತಿಳಿಯಿತು. ಒಂದು ಶ್ರೀಮಂತರ ಮನೆ, ಕ್ರಿಸ್ಮಸ್ ಹಬ್ಬ, ಮಕ್ಕಳಿಗೆಲ್ಲ ಉಡುಗೊರೆ. ಒಬ್ಬಳು ಹುಡುಗಿಗೆ ಮರದ ಸಿಪಾಯಿ ಗೊಂಬೆ ಸಿಗುತ್ತದೆ. ತಮ್ಮ ಅದನ್ನು ಎಳೆದು ಮುರಿಯುತ್ತಾನೆ. ಹುಡುಗಿ ಅದನ್ನು ಎದೆಗೆ ಒತ್ತಿಕೊಂಡು ಬೆನ್ನು ತಿರುಗಿಸಿ ನಿಲ್ಲುತ್ತಾಳೆ, ಅಷ್ಟೇ. ಅಳುವ ಅಭಿನಯ ಇಲ್ಲ, ಬೆನ್ನಿನಲ್ಲೇ ಅಳು ಕಾಣಿಸಿದಳು. ಇಷ್ಟು ವರ್ಷ ಆಟ ನೋಡಿದ ನಾನು ಹೇಳುತ್ತೇನೆ, ಅದು ಸುಲಭದ ವಿದ್ಯೆಯಲ್ಲ.

ಎಲ್ಲರೂ ಮಲಗಿದ ಮೇಲೆ ಹಬ್ಬದ ಮರ ಬೆಳೆಯತೊಡಗಿತು. ನಮ್ಮ ಕಣ್ಣೆದುರೇ, ದೀಪಗಳ ಸಮೇತ, ಮಾಡಿನವರೆಗೆ. ಪಕ್ಕದ ಒಮಾನಿ ಅಜ್ಜಿ "ಮಾಷಾ ಅಲ್ಲಾ" ಎಂದರು. ನಾನೂ ತಲೆಯಾಡಿಸಿದೆ.

ಆಗ ಇಲಿಗಳು ಬಂದವು. ಬೂದು ಬಣ್ಣದ ಅಂಗಿ, ಉದ್ದ ಬಾಲ, ದೊಡ್ಡ ಮುಖವಾಡ. ಎಲ್ಲವೂ ಒಂದೇ ಅಚ್ಚು. ಹೆತ್ತ ತಾಯಿ ಖಾಲಿ ಕುರ್ಚಿಯ ಆಚೆಯಿಂದ ಬಾಗಿ, "ಯಾವುದು ಮಾಮಿ? ಯಾವುದು?" ಎಂದು ನನ್ನ ಕೈ ಹಿಡಿದಳು. ನಾನು ಕನ್ನಡಕ ಒರೆಸಿಕೊಂಡೆ, ಏನೂ ಉಪಯೋಗವಾಗಲಿಲ್ಲ. ಅಷ್ಟರಲ್ಲಿ ಕೊನೆಯಲ್ಲಿ ಬಂದ ಒಂದು ಇಲಿ ರಂಗದ ಅಂಚಿನಲ್ಲಿ ನಿಂತುಬಿಟ್ಟಿತು. ಬಗ್ಗಿ ಬಲಗೈಯಿಂದ ನೆಲ ಮುಟ್ಟಿತು, ಆ ಕೈಯನ್ನು ಮುಖವಾಡದ ಎರಡೂ ಕಣ್ಣಿಗೆ ಒತ್ತಿಕೊಂಡಿತು. ಆಮೇಲೆ ಹಿಂದುಳಿದದ್ದು ನೆನಪಾಗಿ ಓಡಿಹೋಗಿ ಮುಂದಿನ ಇಲಿಯ ಬಾಲ ತುಳಿಯಿತು. ಜನರೆಲ್ಲ ನಕ್ಕರು. ಅದೂ ಆಟದ ಭಾಗ ಎಂದುಕೊಂಡರು.

ಸುಪ್ರೀತಾ ನಗಲಿಲ್ಲ. ನಾನೂ ನಗಲಿಲ್ಲ. ನಿನ್ನ ಅಪ್ಪ ಒಂದು ದಿನವಾದರೂ ರಂಗಸ್ಥಳದ ನೆಲ ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಕಾಲಿಟ್ಟದ್ದಿಲ್ಲ. ಬಾಲಗೋಪಾಲನ ವೇಷ ಕಟ್ಟಿದ ದಿನ ನಿನಗೂ ಅದನ್ನೇ ಕಲಿಸಿದರು. ನೀನು ಮಗಳಿಗೆ ಕಲಿಸಿದೆ. ಇಲಿಗಳ ನಡುವೆ ಒಂದು ಇಲಿ ನಮ್ಮ ಮನೆಯದು ಎಂದು ಗೊತ್ತಾಗಲು ನನಗೆ ಮುಖ ಬೇಕಾಗಲಿಲ್ಲ. ಅಷ್ಟು ದೊಡ್ಡ ಸಭೆಯಲ್ಲಿ ಎದ್ದು ನಿಂತು ಇವಳು ನಮ್ಮವಳು ಎಂದು ಹೇಳಬೇಕೆನಿಸಿತು. ಕೂತೇ ಇದ್ದೆ. ಮರ್ಯಾದೆ ಎಂಬುದು ಇದೆಯಲ್ಲ.

ಸಿಪಾಯಿಗಳ ಫಿರಂಗಿಗೆ ಇಲಿಗಳು ಚದುರಿ, ಮತ್ತೆ ನುಗ್ಗಿ, ಮತ್ತೆ ಚದುರಿದವು. ಪ್ರತಿ ಸಲ ಒಳಗೆ ಬರುವಾಗಲೂ ಅವಳು ಅದನ್ನೇ ಮಾಡಿದಳು. ಒಂದು ಸಲ ಮಾಡಿದರೆ ಸಾಕಲ್ಲ, ಇವಳಿಗೆ ಭಕ್ತಿ ಸ್ವಲ್ಪ ಹೆಚ್ಚಾಯಿತು ಎಂದುಕೊಂಡೆ.

ಇಲಿಗಳ ರಾಜ ಸತ್ತ ಮೇಲೆ ಹಿಮ ಬಿತ್ತು. ಕಾಗದದ್ದೇ ಇರಬೇಕು, ಆದರೂ ಮೈ ಚಳಿ ಹಿಡಿದಂತಾಯಿತು. ಬಿಳಿ ಉಡುಗೆಯ ಹುಡುಗಿಯರು ಕಾಲ್ಬೆರಳ ತುದಿಯಲ್ಲಿ ಸಾಲಾಗಿ ಬಂದರು. ಒಬ್ಬಳ ಕೈ ಒಂದು ಕೂದಲೆಳೆ ಮೇಲಿಲ್ಲ, ಒಬ್ಬಳ ಕಾಲು ಹಿಂದಿಲ್ಲ. ವಾದ್ಯ ಮೆಲ್ಲಗಾದಾಗ ಅವರ ಪಾದದ ಸದ್ದು ಕೇಳಿತು, ದೂರದಲ್ಲಿ ಮಳೆ ಹನಿ ತೊಟ್ಟಿಕ್ಕಿದ ಹಾಗೆ. ನಮ್ಮವರು ಹಲಗೆ ನಡುಗುವಂತೆ ಕುಣಿಯುತ್ತಾರೆ, ಅದೊಂದು ಚೆಂದ. ಇವರು ನೆಲಕ್ಕೆ ನೋವಾಗದಂತೆ ಕುಣಿದರು. ಆ ಬೆರಳುಗಳು ಎಷ್ಟು ಸಲ ರಕ್ತ ಬಂದು ಒಣಗಿರಬೇಕು! ಮುಖದಲ್ಲಿ ಮಾತ್ರ ನಗು.

ಗಂಡಸರ ಉಡುಗೆಯ ಬಗ್ಗೆ ನಾನು ಬರೆಯುವುದಿಲ್ಲ. ಮೈಗೆ ಅಂಟಿಕೊಂಡಿತ್ತು. ಮೊದಮೊದಲು ನಾನು ಮುಂದಿನ ಕುರ್ಚಿಯ ಬೆನ್ನಿನ ಪುಟ್ಟ ಪರದೆಯನ್ನೇ ನೋಡುತ್ತಿದ್ದೆ. ಮಿಠಾಯಿಗಳ ಊರಿನಲ್ಲಿ, ಅದು ಕತೆಯ ಎರಡನೇ ಭಾಗ, ರಾಣಿಯಂಥವಳನ್ನು ಒಬ್ಬ ಒಂದೇ ಕೈಯಲ್ಲಿ ತಲೆಯ ಮೇಲೆ ಎತ್ತಿ ಹಿಡಿದ. ಅವಳು ಗಾಳಿಯಲ್ಲಿ ಕೈ ಚಾಚಿದಳು. ಅವನ ಕೈ ನಡುಗಲಿಲ್ಲ, ಅವಳು ಕೆಳಗೆ ನೋಡಲಿಲ್ಲ. ಬೀಳಿಸುವುದಿಲ್ಲ ಎಂಬ ಧೈರ್ಯ ಇದ್ದವರು ಮಾತ್ರ ಹಾಗೆ ಇರಬಲ್ಲರು. ಆಮೇಲೆ ನಾನು ಉಡುಗೆಯ ಯೋಚನೆ ಬಿಟ್ಟೆ. ಪಕ್ಕದಲ್ಲಿ ಸುಪ್ರೀತಾ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಕೊನೆಗೆ ಎಲ್ಲರೂ ಬಂದು ಬಾಗಿದರು, ಮಕ್ಕಳೂ ಮುಖವಾಡ ಕಳಚಿ ಕೈಯಲ್ಲಿ ಹಿಡಿದುಕೊಂಡು ಬಂದರು. ತೃಷಾಳ ಕೂದಲು ಬೆವರಿಗೆ ಹಣೆಗೆ ಅಂಟಿತ್ತು. ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದಾಗ ಅವಳ ಕಣ್ಣು ನಮ್ಮ ಸಾಲನ್ನು ಹುಡುಕುತ್ತಿತ್ತು. ನಾನು ಕೈ ಬೀಸಿದೆ. ಕೈಗಳ ಗದ್ದಲದಲ್ಲಿ ಕಂಡಿತೋ ಇಲ್ಲವೋ.

ಹೊರಗೆ ಅವಳ ನೃತ್ಯದ ಟೀಚರ್ ಸಿಕ್ಕಿ, ಅಭ್ಯಾಸದಲ್ಲಿ ಒಮ್ಮೆಯೂ ಮಾಡದ್ದನ್ನು ಇವತ್ತು ಯಾಕೆ ಮಾಡಿದಳೋ ಎಂದರು. ಅದು ನಮ್ಮಲ್ಲಿ ರಂಗಕ್ಕೆ ಕೊಡುವ ಗೌರವ ಎಂದು ಸುಪ್ರೀತಾ ವಿವರಿಸಿದಳು. ಆಕೆ ಒಳ್ಳೆಯ ಹೆಂಗಸು, ತೃಷಾಳ ಕೆನ್ನೆ ತಟ್ಟಿದರು. ಮರುದಿನದ ಆಟಕ್ಕೆ ಬೇಡ ಎಂದೂ ಹೇಳಿದರು. ಮರುದಿನ ಅವಳು ಮಾಡಲೂ ಇಲ್ಲ.

ಡ್ಯೂಟಿ ಇತ್ತು ಎಂದು ನನಗೆ ಬರೆಯಬೇಡ. ಕಳೆದ ಗುರುವಾರವೂ ಮಹ್ರೂಫ್ ಸೂರ್‌ನಲ್ಲಿದ್ದ. ಸಂಜೆ ನೀನು ಕಡಲ ದಂಡೆಯಲ್ಲಿ ಒಬ್ಬನೇ ಚಾ ಹಿಡಿದು ಕೂತದ್ದನ್ನು ನೋಡಿದ್ದಾನೆ. ಅವನಾಗಿ ಹೇಳಲಿಲ್ಲ, ನಾನು ಕೇಳಿದ್ದಕ್ಕೆ ಹೇಳಿದ. ಸುಪ್ರೀತಾಳ ಮುಖ ನೋಡಲು ನಾಚಿಕೆಯಾಗಿ ನೀನು ಬರಲಿಲ್ಲ ಎಂದು ನನಗೆ ಅರ್ಥವಾಗುತ್ತದೆ. ಗಂಡ ಹೆಂಡತಿ ಸರಿಯಾಗುತ್ತೀರೋ ಬಿಡುತ್ತೀರೋ, ಅದು ನಿಮ್ಮಿಬ್ಬರದು. ಅದರಲ್ಲಿ ನಾನು ಮಾತಾಡುವುದಿಲ್ಲ. ಮಗುವಿನದು ಬೇರೆ.

ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ, ನಿನಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿನ್ನ ಅಮ್ಮ,
ವಿನೋದಾ

ಮರೆತದ್ದಲ್ಲ, ಬರೆಯಲು ಮನಸ್ಸಾಗದೆ ಕೊನೆಗೆ ಉಳಿಸಿಕೊಂಡದ್ದು:

ಆ ದಿನ ಕಾರಿನಲ್ಲಿ ಬರುವಾಗ ನಾನು ತೃಷಾಳಿಗೆ, "ಎಷ್ಟು ಸಲ ನೆಲ ಮುಟ್ಟುದು ಮಗಾ? ಅಜ್ಜ ಒಂದೇ ಸಲ ಮಾಡ್ತಿದ್ರು," ಎಂದೆ.

"ಅದು ಅಜ್ಜನಿಗೆ ಅಲ್ಲ, ಪಪ್ಪನಿಗೆ," ಎಂದಳು. "ಎಲ್ಲಾ ಇಲಿ ಸೇಮ್ ಅಲ್ವಾ, ನಿನ್ನನ್ನು ಹೇಗೆ ಗುರುತು ಹಿಡಿಯುದು ಅಂತ ಪಪ್ಪನೇ ಫೋನಲ್ಲಿ ಕೇಳಿದ್ರು. ನಾನು ಅಜ್ಜನ ಹಾಗೆ ನಮಸ್ಕಾರ ಮಾಡ್ತೇನೆ, ಆಗ ನೋಡಿ ಅಂದೆ. ಪಪ್ಪ ಲೇಟಾಗಿ ಬಂದ್ರೆ ಅಂತ ಪ್ರತಿ ಸಲ ಮಾಡಿದ್ದು. ಪಪ್ಪ ನೋಡಿದ್ರಾ ಅಜ್ಜಿ?"

ಸುಪ್ರೀತಾ ರಸ್ತೆ ನೋಡುತ್ತಿದ್ದಳು. ಸುಳ್ಳು ಹೇಳಿದರೆ ನಾಲಗೆಗೆ ಬರೆ ಹಾಕುತ್ತೇನೆ ಎಂದು ನಿನ್ನನ್ನು ಬೆಳೆಸಿದವಳು ನಾನು. ನಾನು ಹೇಳಿದೆ, "ನೋಡಿದ್ದಾರೆ. ಬರುವಾಗ ತಡವಾಯ್ತು, ಹಿಂದೆ ಬಾಗಿಲ ಹತ್ರ ನಿಂತು ನೋಡಿ, ಡ್ಯೂಟಿಗೆ ಓಡಿದ್ರು."

ಅವಳು ಸೀಟಿಗೆ ಒರಗಿ, "ಹಾಗಾದ್ರೆ ಗೊತ್ತಾಗಿರ್ತದೆ," ಎಂದು ನಿದ್ದೆ ಹೋದಳು.

ಅದಕ್ಕೇ ಇಷ್ಟು ಉದ್ದ ಬರೆದದ್ದು. ಈ ಶುಕ್ರವಾರ ಬಾ. ಅವಳು ಕೇಳುತ್ತಾಳೆ. ಬೆಳೆದ ಮರ, ಬಿದ್ದ ಹಿಮ, ತುಳಿದ ಬಾಲ, ಎಲ್ಲವೂ ಇದರಲ್ಲಿದೆ, ಓದಿಕೊಂಡು ಬಂದು ಹೇಳಬಹುದು. ಇಲ್ಲ, ನಾನು ಬಂದಿರಲಿಲ್ಲ ಎಂದೇ ಹೇಳುವೆಯಾದರೆ ಹಾಗೂ ಹೇಳು. ಆಗ ಅಜ್ಜಿ ಸುಳ್ಳು ಹೇಳಿದಳು ಎಂದಾಗುತ್ತದೆ, ಆಗಲಿ, ಆ ಮಾತನ್ನು ನಾನು ಹೊರುತ್ತೇನೆ. ಯಾವುದನ್ನು ಹೇಳಿದರೂ ಬಂದು, ಅವಳೆದುರು ಕೂತು ಹೇಳು.