ಹೋಳಿಗೆ ಬಡಿಸಿದ ತಪ್ಪಿಗೆ

ಕಿಲೆಲೆಶ್ವಾ, ನೈರೋಬಿ
12 ಜೂನ್ 2025, ಗುರುವಾರ

ಅಮ್ಮಾ,

ಅಕ್ಕಿ ಡಬ್ಬದಲ್ಲಿ ಕಾಗದ ಸಿಕ್ತು ಅಂತ ಗಾಬರಿಯಾಗ್ಬೇಡ. ಅಲ್ಲಿ ಹೇಗೂ ಜಾಗ ಇತ್ತು. ಎದುರಿಗೆ ಹೇಳಿದ್ರೆ ನಾನು ಕೂಗಾಡ್ತೀನಿ, ನೀನು ಅಳ್ತೀಯ, ಮಾತು ಅಲ್ಲಿಗೇ ನಿಲ್ಲುತ್ತೆ. ಕನ್ನಡದಲ್ಲಿ ಬರೆದ್ರೆ ತಂಗಿ ಚಿನ್ಮಯಿಗೆ ಓದೋಕೆ ಬರಲ್ಲ, ಅದೂ ಒಳ್ಳೇದೇ. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟವನು ಬರೆದಿರೋದು, ತಪ್ಪು ಹುಡುಕ್ಬೇಡ.

ನಮ್ಮ ಕನ್ನಡ ಸಂಘದವರು ಕಾಲೇಜು ಮಕ್ಕಳಿಗೆ ಕೊಡೋ ರೇಷನ್ ಚಿನ್ಮಯಿಗೆ ಯಾಕೆ ಸಿಗ್ಲಿಲ್ಲ ಅಂತ ನಿನ್ನೆ ಗೊತ್ತಾಯ್ತು. ಗ್ಯಾರೇಜಿಂದ ಸೀದಾ ಕಾರ್ಯದರ್ಶಿ ಪುರುಷೋತ್ತಮ ಅಂಕಲ್ ಮನೆಗೆ ಹೋಗಿ ಕೇಳಿದೆ. ಹಾಸ್ಟೆಲ್ ಮಕ್ಕಳಿಗೆ ಕೇಳಿದ ತಕ್ಷಣ ಕೊಡ್ತಾರಂತೆ. ಮನೇಲಿರೋ ಮಕ್ಕಳಾದ್ರೆ ಯಾರಾದ್ರೂ ಬಂದು ಅಡುಗೆಮನೆ ನೋಡಿ, ಕೊರತೆ ಇದೆ ಅಂತ ಹೇಳ್ಬೇಕಂತೆ. ಅದು ರೂಲ್ಸು. ಮನೇಲಿ ಅಮ್ಮ ಇರ್ತಾಳಲ್ಲಪ್ಪ, ಅಂದ್ರು. ಅಮ್ಮ ಇದ್ರೆ ಅಕ್ಕಿ ಉದುರುತ್ತಾ ಅಂಕಲ್, ಅಂತ ಕೇಳಿದೆ.

ಆಮೇಲೆ ಬಂತು ನೋಡು ವಿಷ್ಯ. ಲ್ಯಾವಿಂಗ್ಟನ್‌ನಲ್ಲಿರೋ ಅಂಬುಜಾ ಆಂಟಿ ಹೋದ ತಿಂಗಳು ನಮ್ಮನೆಗೆ ಬಂದಿದ್ದು ಇದನ್ನ ನೋಡೋಕೇ. ನೀನು ಹೋಳಿಗೆ, ತುಪ್ಪ, ಎರಡು ಥರ ಪಲ್ಯ ಮಾಡಿ, ಬೇಡ ಬೇಡ ಅಂತ ಕೈ ಅಡ್ಡ ಇಟ್ರೂ ಇನ್ನೊಂದು ಹೋಳಿಗೆ ಹಾಕಿದ್ಯಂತೆ. ಆಂಟಿ ಹೋಗಿ, ಅಂಥ ಹೋಳಿಗೆ ತಿಂದು ಎಷ್ಟು ವರ್ಷ ಆಯ್ತು, ಆ ಮನೆಗೇನ್ರೀ ಕೊರತೆ, ಅಂದ್ಬಿಟ್ಟಿದ್ದಾರೆ!

ಅಮ್ಮಾ, ಆ ಬೇಳೆ, ತುಪ್ಪ ಎಲ್ಲ ಮೇಲಿನ ಮನೆ ಸಿಲ್ವಿಯಾ ಆಂಟಿ ಹತ್ರ ಇಸ್ಕೊಂಡಿದ್ದಲ್ವಾ? ನೀನು ಒಂದು ಚೂರು ತಿಂದ್ಯಾ? ಬಂದವರನ್ನ ಬರೀ ಹೊಟ್ಟೇಲಿ ಕಳಿಸೋಕಾಗುತ್ತೇನೋ ಅಂತೀಯ, ಗೊತ್ತು. ಮನೆಯವರು ಬರೀ ಹೊಟ್ಟೇಲಿ ಇರಬಹುದಾ?

ನನ್ನ ಸಂಬಳ ಬಾಡಿಗೆಗೂ ಚಿನ್ಮಯಿ ಫೀಸಿಗೂ ಮುಗಿಯುತ್ತೆ. ಅವಳು ಈಗಾಗ್ಲೇ 'ಐ ಆಮ್ ಡನ್ ವಿತ್ ಕಾಲೇಜ್' ಅಂತ ಶುರು ಮಾಡಿದ್ದಾಳೆ. ನಾನು ಬಿಡಲ್ಲ. ಈ ಮನೇಲಿ ಓದು ಬಿಟ್ಟವನು ನಾನೊಬ್ಬನೇ ಸಾಕು.

ನಿನ್ನೆ ಅಂಕಲ್ ಮನೆಯಿಂದ ಮಟಾಟು ವ್ಯಾನ್ ಹಿಡಿದು ಅಂಬುಜಾ ಆಂಟಿ ಮನೆಗೇ ಹೋದೆ, ಗ್ರೀಸ್ ಕೈಯಲ್ಲೇ. ನೀವು ಉಂಡಿದ್ದು ಕಡ ತಂದ ಊಟ ಆಂಟಿ, ಅಂದೆ. ಅಡುಗೆಮನೆ ನೋಡೋಕೆ ಅವ್ರು ಶನಿವಾರ ಮತ್ತೆ ಬರ್ತಾರೆ. ಆ ಹಾಳು ರೂಲ್ಸ್ ಬಗ್ಗೆ ಭಾನುವಾರ ಮೀಟಿಂಗಲ್ಲಿ ನಾನು ಎದ್ದು ನಿಂತು ಕೇಳ್ತೀನಿ, ಅದು ನನ್ನ ಕೆಲ್ಸ. ನಿನ್ನ ಕೆಲ್ಸ ಒಂದೇ, ಶನಿವಾರ ಏನೂ ಮಾಡ್ಬೇಡ. ಒಲೆ ಹಚ್ಬೇಡ. ಸಿಲ್ವಿಯಾ ಆಂಟಿ ಬಾಗಿಲು ತಟ್ಬೇಡ. ಒಂದು ಲೋಟ ನೀರು ಕೊಟ್ಟು, ಡಬ್ಬಗಳ ಮುಚ್ಚಳ ತೆಗೆದು ತೋರಿಸು. ಮರ್ಯಾದೆ ಹೋದ್ರೆ ನನ್ನ ಹೆಸರಿಗೆ ಹಾಕು.

ಎಷ್ಟು ಬೈದ್ರೂ ನಿನ್ನ ಮಗನೇ,
ಶಮಂತ್

ತಾ.ಕ.: ಈ ಸಲ ಆಂಟಿ ತಾವೇ ಊಟದ ಡಬ್ಬಿ ತರ್ತಾರಂತೆ, ನಮಗೂ ಸೇರಿಸಿ. ಅದನ್ನ ಖಾಲಿನೇ ವಾಪಸ್ ಕೊಡು. ಬರೀ ಡಬ್ಬಿ ಕೊಡಬಾರದು ಅಂತ ಸಕ್ಕರೆ ಹುಡುಕ್ಬೇಡ, ಇಲ್ಲ. ಸೋಮವಾರ 'ನಂಗೆ ಉಪವಾಸ' ಅಂದ್ಲಲ್ಲ ಚಿನ್ಮಯಿ, ಪರೀಕ್ಷೆಗೆ ಹೊರಡೋ ಮುಂಚೆ ಇದ್ದಬದ್ದ ಸಕ್ಕರೆನೆಲ್ಲ ನೀರಿಗೆ ಕದಡಿ ಕುಡೀತಿದ್ಲು. ನಾನು ನೋಡಿದ್ದು ಅವಳಿಗೆ ಗೊತ್ತಿಲ್ಲ.