ಅರ್ಜಿಯ ಎರಡನೆಯ ಹಾಳೆ

ಲಂಡನ್, ಕೋಲ್ಮನ್ ಬೀದಿ
ಎಂಟನೆಯ ತಿಂಗಳ ಹನ್ನೆರಡನೆಯ ದಿನ, 1653

ನನ್ನ ಮುದ್ದು ಗಿಡಿಯನ್,

ಹೇಗಿದ್ದೀಯ ಮಗನೇ? ಹಡಗಿನ ಒಣರೊಟ್ಟಿಗೆ ಹಲ್ಲುಗಳು ಇನ್ನೂ ತಡೆದುಕೊಂಡಿವೆಯೇ? ಡಚ್ಚರ ಗುಂಡು ನಿನಗೆ ತಾಗಿಲ್ಲವೆಂದು ಹಾರ್ವಿಚ್ ಬಂದರಿನಿಂದ ಬಂದ ಮೀನಿನವಳು ಹೇಳಿದ ಮೇಲೆ ನನಗೆ ಹೋದ ಜೀವ ಬಂದಂತಾಯಿತು. ಕೆಮ್ಮು ಬಿಟ್ಟರೆ ನಾನು ಚೆನ್ನಾಗಿದ್ದೇನೆ. ನಮ್ಮ ಪ್ರಾರ್ಥನಾ ಸಭೆಯಲ್ಲಿ ತಿಂಗಳನ್ನು ಅಕ್ಟೋಬರ್ ಎನ್ನಬಾರದಂತೆ, ಅನ್ಯದೇವರ ಪೂಜಕರು ಇಟ್ಟ ಹೆಸರಂತೆ. ಅದಕ್ಕೇ ವರ್ಷ ಶುರುವಾಗುವ ಮಾರ್ಚಿನಿಂದ ಎಣಿಸಿ ಮೇಲೆ ಎಂಟನೆಯ ತಿಂಗಳು ಎಂದು ಬರೆದಿದ್ದೇನೆ. ನಿನ್ನಪ್ಪ ಟೋಪಿ ಮಾಡುವುದನ್ನೇ ಕಡಿಮೆ ಮಾಡಿದ್ದಾರೆ. ಈ ಚಳಿಗಾಲ ಕಳೆಯುವುದರೊಳಗೆ ಕ್ರಿಸ್ತನೇ ರಾಜನಾಗಿ ಬರುತ್ತಾನೆ, ಆಮೇಲೆ ಟೋಪಿ ಯಾರಿಗೆ ಬೇಕು ಎನ್ನುತ್ತಾರೆ. ತಲೆ ಇರುವವರಿಗೆ ಬೇಕಾದೀತು ಎಂದೆ. ನಗಲಿಲ್ಲ.

ರಾಜ ಬರುವ ಮುಂಚೆ ಅವನ ಕಾನೂನು ಸಿದ್ಧವಾಗಿರಬೇಕಂತೆ. ವಕೀಲರೂ ಬೇಡ, ಅವರ ಕೋರ್ಟುಗಳೂ ಬೇಡ, ಮೋಶೆಗೆ ದೇವರು ಕೊಟ್ಟ ಕಾನೂನೇ ಸಾಕು ಎಂದು ನಮ್ಮ ಸಭೆಯವರು ಪಾರ್ಲಿಮೆಂಟಿಗೆ ಅರ್ಜಿ ಬರೆದರು. ಸಭೆಯ ಹಿರಿಯ ಜೋಥಮ್ ಮೊದಲ ಹಾಳೆ ಓದಿದರು: ಕಳ್ಳನನ್ನು ಗಲ್ಲಿಗೇರಿಸಬಾರದು, ಕದ್ದದ್ದರ ಎರಡರಷ್ಟು ಹಿಂದಿರುಗಿಸಲಿ. ನನಗೆ ನಿನ್ನ ಸೋದರಮಾವ ರೋಜರ್ ನೆನಪಾದ. ಒಂದು ಬೆಳ್ಳಿ ಚಮಚಕ್ಕೆ ಅವನನ್ನು ನೇತುಹಾಕಿದರು. ಕೋರ್ಟಿನಲ್ಲಿ ಲ್ಯಾಟಿನ್ ಭಾಷೆಯಲ್ಲಿ ಏನು ಓದಿದರೆಂಬುದೂ ಆ ಬಡಪಾಯಿಗೆ ಅರ್ಥವಾಗಲಿಲ್ಲ. ಅಳುತ್ತಲೇ ಎಲ್ಲರಿಗಿಂತ ಮೊದಲು ನಾನೇ ಸಹಿ ಹಾಕಿದೆ, ಹಿಂದುಮುಂದು ನೋಡಲಿಲ್ಲ. ಆಮೇಲೆ ಎರಡನೆಯ ಹಾಳೆ ಓದಿದರು. ತಂದೆಯ ಮೇಲೆ ಕೈಮಾಡಿದ ಮಗನಿಗೆ ಮರಣದಂಡನೆ ಎಂದು ಅದರಲ್ಲಿತ್ತು.

ಬೈಬಲ್ಲಿನಲ್ಲಿ ಇಲ್ಲವೆಂದು ನಮ್ಮವರು ಹಬ್ಬ ಮಾಡದ ಕ್ರಿಸ್‌ಮಸ್ ದಿನ ನನಗೆಂದು ನೀನು ತಂದ ದ್ರಾಕ್ಷಿಯ ಕಡುಬನ್ನು ನಿನ್ನಪ್ಪ ಬೀದಿಗೆ ಎಸೆದದ್ದು, ನೀನು ಅವರ ಕೆನ್ನೆಗೆ ಹೊಡೆದದ್ದು ನಮ್ಮ ಮೂವರಿಗೇ ಗೊತ್ತು ಎಂದುಕೊಂಡಿದ್ದೆ. ಮಾಡಿದ ಪಾಪವನ್ನು ಸಭೆಯ ಮುಂದೆ ಎದ್ದು ನಿಂತು ಒಪ್ಪಿಕೊಳ್ಳಬೇಕಲ್ಲ, ನಾನು ಕೆಮ್ಮಿನಿಂದ ಮನೆಯಲ್ಲೇ ಮಲಗಿದ್ದ ಒಂದು ದಿನ ನಿನ್ನಪ್ಪ ತಮ್ಮ ಮುಂಗೋಪವನ್ನು ಒಪ್ಪಿಕೊಳ್ಳಲು ಹೋಗಿ ಕಡುಬಿನಿಂದ ಕೆನ್ನೆಯವರೆಗೆ ಎಲ್ಲವನ್ನೂ ಹೇಳಿಬಿಟ್ಟಿದ್ದಾರೆ. ಸಭೆಯ ಪುಸ್ತಕದಲ್ಲಿ ಬರೆದೂ ಆಗಿದೆ. ಆ ಒಂದು ಸಾಲು ತೆಗೆಯಿರಿ ಎಂದು ಜೋಥಮರನ್ನು ಬೇಡಿಕೊಂಡೆ. "ದೇವರ ಕಾನೂನು ಅಂದ್ರೆ ಸಂತೆ ಸೇಬೇನಮ್ಮ, ಬೇಕಾದ್ದು ಆರಿಸ್ಕೊಳ್ಳೋಕೆ? ಕಳ್ಳನ್ನ ಉಳಿಸೋ ಸಾಲು ಬೇಕು, ಇದು ಬೇಡ್ವಾ?" ಎಂದರು. ನಿನ್ನಪ್ಪನನ್ನು ಕೇಳಿದರೆ "ಅವ್ನು ನನ್ನ ಕರುಳು ಕಣೇ, ನಂಗೇನು ಸಂಕಟ ಇಲ್ವಾ?" ಎಂದು ಅತ್ತರು. ಆದರೆ ಆ ಸಾಲು ತಪ್ಪು ಎನ್ನಲಿಲ್ಲ. ನನಗೆ ತುಂಬಾ ಭಯವಾಗುತ್ತಿದೆ, ಗಿಡಿಯನ್. ಪಾರ್ಲಿಮೆಂಟಿನಲ್ಲೂ ಈಗ ನಮ್ಮವರ ಹಾಗೆ ಮಾತಾಡುವವರು ಬಹಳ ಮಂದಿ ಇದ್ದಾರಂತೆ.

ಒದ್ದೆ ಕಾಲುಚೀಲ ಹಾಕಿಕೊಂಡು ಮಲಗಬೇಡ. ಗಾಳಿಯೂ ಗುಂಡೂ ನಿನ್ನ ಮೇಲೆ ದಯೆ ತೋರಲಿ.

ನಿನ್ನ ಅಮ್ಮ,
ಥಾಮಸಿನ್

ಇನ್ನೊಂದು ಮಾತು, ನಿನ್ನಪ್ಪ ಮೆಟ್ಟಿಲು ಹತ್ತುತ್ತಿದ್ದಾರೆ. ಅವರೂ ನಿನಗೆ ಕಾಗದ ಬರೆದಿದ್ದಾರೆ. ಎಲ್ಲ ಮರೆತಿದ್ದೇನೆ, ಮನೆಗೆ ಬಾ ಎಂದಿದೆ. ಅದು ಸುಳ್ಳಲ್ಲ, ಪ್ರೀತಿಯಿಂದಲೇ ಬರೆದದ್ದು. ಆದರೆ ನೀನು ಬಂದರೆ, ಆ ಕಾನೂನು ಜಾರಿಯಾದ ದಿನ ಅವರೇ ನಿನ್ನ ಕೈಹಿಡಿದು ಹಿರಿಯರಿಗೆ ಒಪ್ಪಿಸುತ್ತಾರೆ. ಅಬ್ರಹಾಮ ಮಗನ ಮೇಲೆ ಕತ್ತಿ ಎತ್ತಿದಾಗ ದೇವರು ಬದಲಿಗೆ ಒಂದು ಟಗರು ಕಳುಹಿಸಿದನಲ್ಲ, ನಮಗೂ ಕಳುಹಿಸುತ್ತಾನೆ ಎಂದು ನಂಬಿ ಕೂತಿದ್ದಾರೆ. ನಾನು ಅಷ್ಟು ನಂಬಲಾರೆ. ಬರಬೇಡ ಮಗನೇ.