ಗಾದಿಯ ಕೆಳಗೆ ಸಿಕ್ಕ ಹಾಳೆ

ಮುನವಳ್ಳಿ
ಗುರುವಾರ, 14-11-2024

ಮಧುವಿನ ಅಪ್ಪನವರಿಗೆ ಶೈಲಜಾಳ ನಮಸ್ಕಾರ.

ನಾನು, ಅತ್ತೆ ಇಬ್ಬರೂ ಆರಾಮ ಇದ್ದೇವೆ. ನಿಮ್ಮ ಆರಾಮ ಕೇಳುವಷ್ಟು ನನ್ನ ಸಿಟ್ಟು ಇನ್ನೂ ಇಳಿದಿಲ್ಲ, ಆದರೂ ಕೇಳಿದ್ದೇನೆ ಅಂದುಕೊಳ್ಳಿರಿ. ಫೋನ್ ಮಾಡಿದರೆ ಎರಡನೇ ಮಾತಿಗೇ ಜಗಳ ಹತ್ತುತ್ತದೆ. ಅದಕ್ಕೇ ಈ ಕಾಗದ. ಪಕ್ಕದ ಮನೆಯ ಬಾಳೇಶ ನಾಳೆ ಬೈಲಹೊಂಗಲಕ್ಕೆ ಬರುತ್ತಾನೆ, ಅವನ ಕೈಯಲ್ಲಿ ಕಳಿಸುತ್ತಿದ್ದೇನೆ. ಪೂರ್ತಿ ಓದಿರಿ, ಅರ್ಧಕ್ಕೆ ಮಡಚಿ ಕಿಸೆಗೆ ಹಾಕಬೇಡಿರಿ.

ಮೊದಲು ಹೇಳಬೇಕಾದದ್ದು ಹೇಳಿಬಿಡುತ್ತೇನೆ. ಪ್ರೊಜೆಕ್ಟರಿನ ಪ್ಯಾನೆಲ್ ಸುಟ್ಟವರು ನೀವಲ್ಲ. ಅದು ಸುಟ್ಟೇ ಇಲ್ಲ.

ನಾನು ಈ ಪ್ರೊಜೆಕ್ಟರಿನ ಹುಚ್ಚು ಹಿಡಿಸಿಕೊಂಡದ್ದು ಯಾಕೆಂದು ನಿಮಗೆ ಗೊತ್ತು. ಅತ್ತೆಯ ಎರಡೂ ಕಣ್ಣಿನ ನಡುಭಾಗ ಸವೆದಿದೆ, ಅಂಚಿನಲ್ಲಿ ಉಳಿದಿರುವ ದೃಷ್ಟಿ ಇನ್ನೆಷ್ಟು ತಿಂಗಳೋ ಎಂದು ಡಾಕ್ಟರು ಅಂದರು. ಹೊರಗೆ ಬಂದವರೇ ಅತ್ತೆ ನನ್ನ ಕೈ ಹಿಡಿದು, "ಎಲ್ಲಾರ ಮಾರಿನೂ ಅಳಿಸಿ ಹೋಗ್ಯಾವ ನೋಡವಾ. ನಮ್ಮ ಮಧೂನ ಮಾರಿ ಒಮ್ಮೆ ಕಂಡ್ರ ಸಾಕು" ಅಂದರು. ಮಗಳು ಬೆಳಗಾವಿಯ ಹಾಸ್ಟೆಲಿನಿಂದ ಬಂದು ಎದುರಿಗೆ ಕೂತರೂ ಅವರಿಗೆ ಕಾಣುವುದು ಬರೀ ಮಬ್ಬು. ಗೋಡೆಯಷ್ಟು ದೊಡ್ಡ ಮುಖವಾದರೆ ಕಂಡೀತು ಅನ್ನಿಸಿತು. ನನ್ನ ಝೆರಾಕ್ಸ್ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹಳೇ ಮಾನಿಟರ್ ಬಿಚ್ಚಿ, ಅದರ ಪ್ಯಾನೆಲ್ಲಿನ ಹಿಂದೆ ದೊಡ್ಡ ಎಲ್‌ಇಡಿ ದೀಪ, ಮುಂದೆ ಭೂತಗನ್ನಡಿ ಇಟ್ಟು ಪೆಟ್ಟಿಗೆ ಮಾಡಿದೆ. ಮೊಬೈಲಿನಲ್ಲಿ ವಿಡಿಯೋ ನೋಡಿ ನೋಡಿಯೇ ಕಲಿತೆ.

ಆವತ್ತು ದೀಪ ಹಚ್ಚಿದಾಗ ಗೋಡೆ ಒಗೆದ ಧೋತರದ ಹಾಗೆ ಬೆಳ್ಳಗಾಯಿತೇ ಹೊರತು ಚಿತ್ರ ಮೂಡಲಿಲ್ಲ. ನಾನು ಬಾಳೇಶನ ಎದುರಿಗೇ, "ನಿನ್ನಿ ಫ್ಯಾನ್ ಹಚ್ಚಲಾರದ ಅರ್ಧ ತಾಸು ಉರಿಸಿ ಸುಟ್ಟಬಿಟ್ರಿ! ಮೋಟಾರ್ ಸುತ್ತೋ ಕೈಗೆ ಇಂಥಾದ್ದೆಲ್ಲ ಎಲ್ಲಿ ತಿಳೀತೈತಿ?" ಎಂದೆ. ಊರಿನ ಅರ್ಧ ಪಂಪ್‌ಸೆಟ್ಟುಗಳಿಗೆ ಜೀವ ಕೊಟ್ಟ ಕೈ ಅದು. ನೀವು ಚೀಲ ತೆಗೆದುಕೊಂಡು ಬೈಲಹೊಂಗಲಕ್ಕೆ ನಿಮ್ಮ ರಾಚವ್ವಕ್ಕನ ಮನೆಗೆ ಹೋದಿರಿ. ತಡೆಯಲಿಲ್ಲ ನಾನು. ಹೋಗಲಿ ಬಿಡು ಅಂದುಕೊಂಡೆ. ಅಕ್ಕನ ಮನೆಯಲ್ಲಿ ಒಂದೆರಡು ದಿನ ಉಂಡು ಬರುತ್ತೀರಿ ಎಂದಿದ್ದೆ, ಹನ್ನೆರಡು ದಿನವಾಯಿತು.

ಸೋಮವಾರ ಗಾದಿ ಬಿಸಿಲಿಗೆ ಹಾಕಲು ಎತ್ತಿದೆ. ಕೆಳಗೆ ನಿಮ್ಮ ಆಸ್ತಿ! ಮಿಕ್ಸರಿನ ಕವರು, ಗಡಿಯಾರದ ಗಾಜಿನ ಮೇಲಿನ ಪ್ಲಾಸ್ಟಿಕ್ಕು, ಮಧುವಿನ ಮೊದಲ ಫೋನಿನ ಪೊರೆ. ಹೊಸ ಸಾಮಾನು ಬಂದರೆ ಮೊದಲು ಅದರ ಪ್ಲಾಸ್ಟಿಕ್ ಕೀಳುವವಳು ನಾನು. ಅದನ್ನು ಎತ್ತಿಡುವವರು ನೀವು. ಟಿವಿ ರಿಮೋಟಿನ ಕವರು ಕಿತ್ತದ್ದಕ್ಕೆ ನೀವು ಒಂದು ವಾರ ಮುಖ ಊದಿಸಿಕೊಂಡಿದ್ದು ಮರೆತಿಲ್ಲ. ಆ ರಾಶಿಯಲ್ಲಿ ಕ್ಯಾಲೆಂಡರಿನ ಎರಡು ಪುಟಗಳ ನಡುವೆ ಹೊಗೆ ಬಣ್ಣದ ತೆಳ್ಳನೆಯ ಹಾಳೆ ಇತ್ತು. ಬರೀ ಹೊದಿಕೆ ಅಂದುಕೊಂಡು ಪ್ಯಾನೆಲ್ಲಿನ ಮೇಲಿಂದ ನಾನೇ ಒದ್ದೆ ಬಟ್ಟೆ ಇಟ್ಟು, ಉಗುರು ಮುರಿದುಕೊಂಡು ಕಿತ್ತು ಕಸದ ಬುಟ್ಟಿಗೆ ಎಸೆದಿದ್ದ ಹಾಳೆ. ನೀವು ಅದನ್ನು ಆರಿಸಿ, ಅಂಟು ಒರೆಸಿ, ಸುಕ್ಕಾಗದಂತೆ ಇಟ್ಟಿದ್ದಿರಿ.

ನಗು ಬಂತು. ಎಸೆಯಬೇಕೆಂದು ಕೈಯಲ್ಲಿ ಹಿಡಿದೇ ಒಳಗೆ ಬಂದೆ. ಎಲ್ಲಿ ತಪ್ಪಿದೆ ಎಂದು ಹುಡುಕಲು ಮಧುವಿನ ವಿಡಿಯೋ ಹಾಕಿ ಪ್ಯಾನೆಲ್ ಹಚ್ಚಿಟ್ಟಿದ್ದೆ, ಬರೀ ಬಿಳಿ ಬೆಳಕು. ಸುಮ್ಮನೆ ಆ ಹಾಳೆ ಕಣ್ಣಿಗೆ ಹಿಡಿದೆ. ಅಯ್ಯೋ ಶಿವನೇ! ಮಧು ನಗುತ್ತಿದ್ದಳು. ಹಾಳೆ ಸರಿಸಿದರೆ ಮಾಯ, ಹಿಡಿದರೆ ಮತ್ತೆ ಮಧು. ಅಡ್ಡ ತಿರುಗಿಸಿದರೆ ಫೋಟೋದ ನೆಗೆಟಿವ್ ಹಾಗೆ ಮುಖ ಕಪ್ಪು, ಕೂದಲು ಬಿಳಿ. ಅದು ಹೊದಿಕೆಯಲ್ಲ, ಪ್ಯಾನೆಲ್ಲಿನ ಒಂದು ಭಾಗವೇ. ಅದಿಲ್ಲದೆ ಚಿತ್ರ ಕಾಣುವುದೇ ಇಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ. ತಪ್ಪು ನನ್ನದು, ಬೈಸಿಕೊಂಡವರು ನೀವು. ಬಾಳೇಶನಿಗೂ ಹೀಗೇ ಹೇಳಿದ್ದೇನೆ, ಅವನ ಎದುರಿಗೆ ಬೈದಿದ್ದಲ್ಲವೇ.

ಇನ್ನು ಕೆಲಸದ ಮಾತು. ಹಾಳೆಯನ್ನು ಭೂತಗನ್ನಡಿಯ ಹಿಂದೆ ಕೂರಿಸಿದ್ದೇನೆ. ದೀಪದ ಕಾವಿಗೆ ಎರಡೇ ನಿಮಿಷದಲ್ಲಿ ಅದರ ಮೂಲೆ ಮುದುಡುತ್ತದೆ. ಒಂದು ಫ್ಯಾನ್ ಸಾಲದು, ಎರಡು ಬೇಕು, ಒಂದು ಗಾಳಿ ಒಳಗೆ ತಳ್ಳಲು, ಒಂದು ಹೊರಗೆ ಎಳೆಯಲು. ಇಂಥ ಹಾಳೆ ಇನ್ನೊಂದಿಲ್ಲ. ಅತ್ತೆಗೆ ಇನ್ನೂ ಏನೂ ತೋರಿಸಿಲ್ಲ. ರವಿವಾರ ಮಧ್ಯಾಹ್ನ ಮೂರು ಗಂಟೆಗೆ ಕಿಟಕಿಗೆ ತಾಡಪತ್ರಿ ಕಟ್ಟಿ ಕತ್ತಲೆ ಮಾಡಿ ದೀಪ ಹಚ್ಚುತ್ತೇನೆ. ನೀವು ಬಂದರೆ ಫ್ಯಾನ್ ನೀವು ಕೂಡಿಸುತ್ತೀರಿ. ಬರದಿದ್ದರೆ ನಾನೇ ಕೂಡಿಸುತ್ತೇನೆ, ಕೈ ಸುಟ್ಟರೂ ಬಿಡುವವಳಲ್ಲ. ಬಂದರೆ ಚೆನ್ನ.

ತಪ್ಪು ಮಾಡಿಯೂ ಕೆಲಸ ಬಿಡದ,
ನಿಮ್ಮ ಶೈಲಜಾ

ತಾ.ಕ.: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ನಿನ್ನೆ ತಡೆಯಲಾರದೆ ಅತ್ತೆಗೆ ಎರಡು ನಿಮಿಷ ತೋರಿಸಿಬಿಟ್ಟೆ. ಮಧುವಿನ ವಿಡಿಯೋ ಹಚ್ಚಲು ಹೋದರೆ, "ಮೊದಲ ನಮ್ಮ ಸುಭಾಸಂದ ಹಚ್ಚವಾ" ಅಂದರು. ನಿಮ್ಮದು ನನ್ನ ಬಳಿ ಇದ್ದದ್ದು ಒಂದೇ, ನೀವು ಮೋಟಾರ್ ಸುತ್ತುವಾಗ ನಿಮಗೆ ತಿಳಿಯದಂತೆ ತೆಗೆದಿದ್ದು. ಗೋಡೆಯ ತುಂಬ ನಿಮ್ಮ ಮುಖ ಬಂತು. ಅತ್ತೆ ಕತ್ತು ಓರೆ ಮಾಡಿ, ಕಣ್ಣಿನ ಅಂಚಿನಿಂದ ನೋಡುತ್ತ ಹತ್ತಿರ ಹೋಗಿ ಗೋಡೆ ಮುಟ್ಟಿದರು. "ಇವಂಗ ತಲಿ ಯಾವಾಗ ಬೆಳ್ಳಗಾತ?" ಎಂದು ಕೇಳಿದರು. ಇಪ್ಪತ್ತೆರಡು ವರ್ಷ ಜೊತೆಗಿದ್ದು, ನನ್ನ ಎರಡೂ ಕಣ್ಣು ಚೆನ್ನಾಗಿದ್ದೂ, ನಾನೂ ಅದನ್ನು ನಿನ್ನೆಯೇ ನೋಡಿದ್ದು ರೀ.